ಗಾಲಿಗೆ ಹಚ್ಚಿದ ಎಣ್ಣೆ

ಮಗಳ ಕಟ್ಟಿಗೆ ಕಾರಿನ ಬಣ್ಣ ಹಳದಿ ಎಂದು ಮೊನ್ನೆಯವರೆಗೂ ನಂಬಿದ್ದೆ. ಇದನ್ನು ಬರೆಯಲು ಕುಳಿತಾಗ ಫೋನಿನಲ್ಲಿ ಫೋಟೊ ತೆಗೆದು ನೋಡಿದರೆ ಅದು ಹಸಿರು. ಹಳದಿ ಇದ್ದದ್ದು ಅದರ ಮೇಲೆ ಅಂಟಿಸಿದ ನಂಬರಿನ ಚೀಟಿ ಮಾತ್ರ. ನಾಲ್ಕು ತಿಂಗಳ ಹಿಂದೆ ನಾನೇ ಬಳಿದ ಬಣ್ಣವನ್ನು ಹೀಗೆ ತಪ್ಪಾಗಿ ನೆನಪಿಟ್ಟುಕೊಂಡವಳು, ಮೂವತ್ತು ವರ್ಷದ ಹಿಂದಿನ ಒಂದು ಮಧ್ಯಾಹ್ನದ ಬಗ್ಗೆ ಹೇಳುವುದನ್ನು ಎಷ್ಟು ನಂಬಬೇಕೋ ನನಗೇ ತಿಳಿಯದು. ಇಲ್ಲಿ ಕೆಲವು ವಿವರ ತಪ್ಪಿರಬಹುದು. ಯಾವುವು ಎಂದು ಗೊತ್ತಿದ್ದರೆ ತಿದ್ದಿಬಿಡುತ್ತಿದ್ದೆ.

ಆ ಮಧ್ಯಾಹ್ನದ್ದು ಇಷ್ಟು. ಗೊಬ್ಬೂರಿನಲ್ಲಿ ನಮ್ಮ ಓಣಿ ದಾಟಿದರೆ ಹಳ್ಳದ ಕಡೆ ಇಳಿಯುವ ಡಾಂಬರು ರಸ್ತೆ. ನನ್ನ ಅಣ್ಣ ಅದರ ಮೇಲೆ ಬೇರಿಂಗ್ ಗಾಡಿಯಲ್ಲಿ ಕುಳಿತು ಇಳಿದ. ಒಂದು ಹಲಗೆ, ಅದರ ಕೆಳಗೆ ಗಾಲಿಯಾಗಿ ನಾಲ್ಕು ತುಕ್ಕು ಹಿಡಿದ ಬೇರಿಂಗು. ನಾವೇ ಮಾಡಿಕೊಂಡ ಗಾಡಿ ಅದು. ದಿನಾ ಇಳಿಯುತ್ತಿದ್ದ, ದಿನಾ ಅದು ಹಳ್ಳದ ಸೇತುವೆಗಿಂತ ಮೊದಲೇ ಕರಕರ ಎನ್ನುತ್ತ ತಾನಾಗಿ ನಿಲ್ಲುತ್ತಿತ್ತು. ಆ ದಿನ ನಿಲ್ಲಲಿಲ್ಲ. ಸೇತುವೆಯ ಕಟ್ಟೆಗೆ ಬಡಿದು ಅಣ್ಣನ ಎಡಗಾಲು ಮೊಣಕಾಲಿನ ಕೆಳಗೆ ಮುರಿಯಿತು. ಎಲುಬು ಕಟ್ಟುವವರ ಹತ್ತಿರ ಒಯ್ದು ಬಿದಿರಿನ ದಬ್ಬೆ ಕಟ್ಟಿಸಿದರು. ಕಾಲು ಕೂಡಿಕೊಂಡಿತು, ಹೆಬ್ಬೆರಳಿನಷ್ಟು ಗಿಡ್ಡವಾಗಿ. ಅವನಿಗೆ ಆಗ ಹನ್ನೊಂದು, ನನಗೆ ಏಳು.

ಆ ದಿನ ಯಾರೋ ಗಾಡಿಗೆ ಎಣ್ಣೆ ಹಚ್ಚಿದ್ದರು. ಅಷ್ಟು ಜೋರು ಹೋಗಿದ್ದು ಅದಕ್ಕೇ. ಅವನೇ ಹಚ್ಚಿಕೊಂಡ, ಅವನದೇ ಪುಂಡಾಟ ಎಂದು ಅವ್ವ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಆದರೆ ನನಗೆ ನೆನಪಿರುವುದು, ಅಥವಾ ನೆನಪು ಎಂದು ನಾನು ಕರೆಯುವುದು, ನನ್ನದೇ ಬೆರಳು. ತೋರುಬೆರಳಿನ ತುದಿ ಕಪ್ಪು. ಔಡಲೆಣ್ಣೆಯ, ಅಂದರೆ ಹರಳೆಣ್ಣೆಯ, ವಾಸನೆ. ಇದನ್ನು ಅವ್ವನ ಹತ್ತಿರ ನಾನು ಎಂದೂ ಬಾಯಿಬಿಟ್ಟು ಕೇಳಲಿಲ್ಲ. ಅವ್ವ ತೀರಿಕೊಂಡು ಆರು ವರ್ಷವಾಯಿತು. ಈಗ ಗೊತ್ತಿರುವವನು ಅಣ್ಣ ಒಬ್ಬನೇ.

ಕಟ್ಟಿಗೆ ಕಾರು ನಮ್ಮ ಮನೆಗೆ ಬಾರದೆ ಹೋಗಿದ್ದರೆ ಇದೆಲ್ಲ ಒಳಗೇ ಇರುತ್ತಿತ್ತೋ ಏನೋ.

ನಾವು ಇರುವುದು ಆಳಂದದಲ್ಲಿ. ಮಗಳು ನಾಲ್ಕನೆಯ ಇಯತ್ತೆ. ಹೋದ ಚಳಿಗಾಲದಲ್ಲಿ ಶಾಲೆಯಿಂದ ಒಂದು ರಟ್ಟಿನ ಡಬ್ಬಿ ತಂದಳು. ಒಳಗೆ ಒಂದು ಪೈನ್ ಕಟ್ಟಿಗೆಯ ತುಂಡು, ನಾಲ್ಕು ಪ್ಲಾಸ್ಟಿಕ್ ಗಾಲಿ, ಅವಕ್ಕೆ ಅಚ್ಚಾಗಿ ನಾಲ್ಕು ಮೊಳೆ. ಮನೆಯವರ ಜೊತೆ ಸೇರಿ ಇದರಲ್ಲಿ ಕಾರು ಮಾಡಬೇಕು. ಇಂಜಿನ್ನಿಲ್ಲ, ಸ್ಪ್ರಿಂಗಿಲ್ಲ. ಪ್ಲೈವುಡ್ಡಿನ ಇಳಿಜಾರಿನ ಮೇಲಿಂದ ಬಿಟ್ಟರೆ ತನ್ನ ತೂಕಕ್ಕೆ ತಾನೇ ಓಡಬೇಕು. ಮೂರು ತಾಲೂಕುಗಳ ಕೆಲವು ಶಾಲೆಗಳು ಕೂಡಿ ಇಟ್ಟುಕೊಂಡ ಸ್ಪರ್ಧೆ. ಮೊದಲು ಆಳಂದದಲ್ಲಿ ಓಟ, ಮೂರು ವಾರ ಬಿಟ್ಟು ಅಫಜಲಪುರದಲ್ಲಿ, ಕೊನೆಯದು ಜೇವರ್ಗಿಯಲ್ಲಿ. ಒಂದು ಓಟಕ್ಕೂ ಇನ್ನೊಂದಕ್ಕೂ ನಡುವೆ ಕಾರನ್ನು ಬೇಕಾದಂತೆ ತಿದ್ದಿಕೊಳ್ಳಬಹುದು, ತೂಕ ಮಾತ್ರ ನೂರ ನಲವತ್ತು ಗ್ರಾಂ ದಾಟಬಾರದು.

ನಾನು ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದಿದವಳು, ಇತಿಹಾಸ. ಯಾವ ದಾಖಲೆಯನ್ನೂ ಮೊದಲು ಸಂಶಯದಿಂದ ನೋಡು ಎಂದು ಅಲ್ಲಿ ಕಲಿಸಿದರು. ಕಟ್ಟಿಗೆ ಕೆತ್ತುವುದನ್ನು ಯಾರೂ ಕಲಿಸಿರಲಿಲ್ಲ. ಬಡಿಗರ ಹತ್ತಿರ ಕೊಟ್ಟು ತುಂಡಿನ ಮುಂಭಾಗವನ್ನು ಇಳಿಜಾರಾಗಿ ಕೊಯ್ಯಿಸಿದೆ, ಬಣ್ಣ ಬಳಿದೆ, ಗಾಲಿ ಕೂಡಿಸಿದೆ. ಓಟಕ್ಕೆ ಹೊರಡುವ ಮುಂಜಾನೆ ಅಡುಗೆಮನೆಯ ಕಪಾಟಿನಿಂದ ಔಡಲೆಣ್ಣೆ ಸೀಸೆ ತೆಗೆದು, ತೋರುಬೆರಳನ್ನು ಅದ್ದಿ, ನಾಲ್ಕೂ ಗಾಲಿಗಳ ನಡುವೆ ಒಂದೊಂದು ಹನಿ ಹಚ್ಚಿದೆ. ಮಗಳ ನೆತ್ತಿಗೆ ಹಚ್ಚಲು ಇಟ್ಟ ಎಣ್ಣೆ. ಯೋಚನೆ ಮಾಡಿ ಹಚ್ಚಿದ್ದಲ್ಲ. ಹಚ್ಚಿ ಆದಮೇಲೆ ಬೆರಳು ನೋಡಿಕೊಂಡೆ.

ನಮ್ಮ ಕಡೆ ಬಂಡಿ ಇದ್ದ ಮನೆಯವರಿಗೆ ಇದು ಹೊಸದಲ್ಲ. ಅಪ್ಪ ಹೊಲಕ್ಕೆ ಬಂಡಿ ಹೂಡುವ ಮೊದಲು ಔಡಲೆಣ್ಣೆಯಲ್ಲಿ ಮಸಿ ಕಲಸಿದ ಕೀಲೆಣ್ಣೆಯನ್ನು ಚಿಂದಿಯಿಂದ ಅಚ್ಚಿಗೆ ಸವರುತ್ತಿದ್ದ. ಗಾಲಿ ಎಂದರೆ ಎಣ್ಣೆ. ಹಾಗಾಗಿ ನನ್ನ ಬೆರಳು ಅಪ್ಪನನ್ನು ನೋಡಿ ಕಲಿತಿರಬಹುದು. ಹಾಗೆಂದು ಹೇಳಿಕೊಂಡೆ.

ಆಳಂದದ ಓಟದಲ್ಲಿ ಮುಂದಿನ ಸುತ್ತಿಗೆ ಎಂಟು ಕಾರು ಆರಿಸಿದರು. ನಮ್ಮದು ಎಂಟನೆಯದು. ಮನೆಗೆ ಬರುವಾಗ ಮಗಳು ಡಬ್ಬಿಯನ್ನು ಎದೆಗೆ ಅವಚಿಕೊಂಡು ಅಂದಳು:

"ಎಲ್ಲಾರ ಕಾರ ಓಡಿ ಬಂದ್ವು. ನಮ್ದು ನಡಕೋತ ಬಂತು."

"ಬಂತಲ್ಲ."

"ನಿನ್ನ ಕೈಯಾಗ ಆಗಂಗಿಲ್ಲ ಮಮ್ಮಿ. ಮಾಮಾನ ಹಂತ್ಯಾಕ ಹೋಗಮು."

ಮಾಮಾ ಎಂದರೆ ನನ್ನ ಅಣ್ಣ. ಅಫಜಲಪುರದಲ್ಲಿ ಅವನದು ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ. ಪಂಪ್‌ಸೆಟ್ಟು, ಗಿರಣಿ ಮೋಟರು, ಫ್ಯಾನು, ಏನು ತಂದರೂ ಬಿಚ್ಚಿ ಮತ್ತೆ ತಿರುಗುವಂತೆ ಮಾಡುತ್ತಾನೆ. ತಿರುಗುವ ವಸ್ತುವಿನ ಬಗ್ಗೆ ನಮ್ಮ ಮನೆತನದಲ್ಲಿ ಅವನಿಗಿಂತ ಹೆಚ್ಚು ತಿಳಿದವರಿಲ್ಲ. ಹೋಗದಿರಲು ನನ್ನ ಹತ್ತಿರ ಒಂದೇ ಕಾರಣವಿತ್ತು. ಅದನ್ನು ಒಂಬತ್ತು ವರ್ಷದ ಮಗುವಿಗೆ ಹೇಳುವುದು ಹೇಗೆ?

ಶನಿವಾರ ಮಧ್ಯಾಹ್ನ ಹೋದೆವು. ಅಣ್ಣ ಅಂಗಡಿಯ ಮುಂದೆ ಗೋಣಿಚೀಲ ಹಾಸಿಕೊಂಡು ಕುಳಿತಿದ್ದ, ಎಡಗಾಲು ಚಾಚಿ. ಅವನು ಕೂರುವುದು ಯಾವಾಗಲೂ ಹಾಗೆಯೇ. ಕಾರನ್ನು ಕೈಗೆ ತೆಗೆದುಕೊಂಡವನು ಮೊದಲು ಕಟ್ಟಿಗೆ ಮೂಸಿದ. "ಪ್ಯಾಕಿಂಗ್ ಪೆಟಗಿ ಕಟಗಿ ಇದು. ನಮ್ಮ ಮೋಟರ ಇದರಾಗೇ ಬರ್ತಾವ," ಎಂದ. ಆಮೇಲೆ ಕಾರನ್ನು ಬೋರಲು ಮಾಡಿ, ಒಂದು ಗಾಲಿಗೆ ಉಗುರಿನಿಂದ ಹೊಡೆದು, ಕಿವಿಗೆ ಹಿಡಿದ. ಗಾಲಿ ಎರಡು ಸುತ್ತು ತಿರುಗಿ ನಿಂತಿತು. ಅದನ್ನೂ ಮೂಗಿನ ಹತ್ತಿರ ಒಯ್ದ.

"ಔಡಲೆಣ್ಣಿ."

"ಮಮ್ಮಿ ಹಚ್ಯಾಳ," ಮಗಳು ಚಾಡಿ ಹೇಳಿದಳು.

ಅಣ್ಣ ತಲೆಯೆತ್ತಿ ನನ್ನ ಕಡೆ ನೋಡಿದ. ಬಹಳ ಹೊತ್ತು ನೋಡಿದ ಎಂದು ಬರೆಯಲು ಹೊರಟಿದ್ದೆ. ನಿಜಕ್ಕೂ ಎಷ್ಟು ಹೊತ್ತು? ಎದುರಿಗೆ ಒಂದು ಟಂಟಂ ಆಟೊ ಹೋಯಿತು, ಅದರ ಸದ್ದು ನಿಂತ ಮೇಲೂ ನೋಡುತ್ತಿದ್ದ. ಅಷ್ಟು ಮಾತ್ರ ಖರೆ.

"ಇದೇನ್ ಎತ್ತಿನ ಬಂಡಿ ಏನ್ ಬೇ?"

"ಎಣ್ಣಿ ಹಚ್ಚಿದ್ರ ಜೋರ ಓಡ್ತದ ಅನಕೊಂಡಿದ್ದೆ."

"ಇಲ್ಲ. ಎಣ್ಣಿ ಧೂಳ ಹಿಡೀತದ. ಗಾಲಿ ಜಡ ಆಗ್ತದ." ಚಿಂದಿ ಹುಡುಕುತ್ತ ಆ ಕಡೆ ತಿರುಗಿದ. "ಎಣ್ಣಿ ಹಚ್ಚಿದ ಗಾಡಿ ಎಂದೂ ಜೋರ ಹೋಗಂಗಿಲ್ಲ."

'ಎಂದೂ' ಎಂದ. ಆ ಮಾತು ನನ್ನಲ್ಲಿ ನಿಂತುಬಿಟ್ಟಿತು. ಅವನ ಬೆನ್ನ ಹಿಂದೆ ಬೆಂಚಿನ ಮೇಲೆ ಉದ್ದ ಮೂಗಿನ ಎಣ್ಣೆ ಕ್ಯಾನಿತ್ತು. ದಿನಕ್ಕೆ ಹತ್ತು ಬೇರಿಂಗಿಗೆ ಎಣ್ಣೆ ಬಿಡುವ ಮನುಷ್ಯ ಅವನು. ಪ್ಲಾಸ್ಟಿಕ್ ಗಾಲಿ, ಮೊಳೆ, ತೊಗರಿ ರಾಶಿಯ ದಿನಗಳ ಧೂಳು, ಇವುಗಳ ಮಟ್ಟಿಗೆ ಅವನು ಹೇಳಿದ್ದು ಸರಿಯೇ. ಕಬ್ಬಿಣದ ಬೇರಿಂಗಿನ ಮಟ್ಟಿಗೆ ಸರಿಯಲ್ಲ, ಅದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಹಾಗಿದ್ದರೆ 'ಎಂದೂ' ಎಂದದ್ದು ಯಾವ ಗಾಡಿಯ ಬಗ್ಗೆ? ನನ್ನನ್ನು ಸಮಾಧಾನ ಮಾಡಲು ಹೇಳಿದನೇ? ಅಥವಾ ನಮ್ಮಲ್ಲಿ ಎಲ್ಲರೂ ಹೇಳುವ ಹಾಗೆ ಸುಮ್ಮನೆ ಜೋರು ಕೊಟ್ಟು ಹೇಳಿದನೇ?

ಕೆಲಸ ಶುರುವಾಯಿತು. ಗಾಲಿಗಳನ್ನು ಕಿತ್ತು ಪೆಟ್ರೋಲಿನಲ್ಲಿ ತೊಳೆದ. ಮೊಳೆಗಳನ್ನು ಬೆಳಕಿಗೆ ಹಿಡಿದು ಮಗಳಿಗೆ ತೋರಿಸಿದ. ಮೊಳೆಯ ತಲೆಯ ಕೆಳಗೆ ಸಣ್ಣ ಮುಳ್ಳಿನಂಥ ಉಬ್ಬು ಇತ್ತು. "ಇದು ಗಾಲಿ ಹಿಡದು ಜಗ್ಗಾಕತ್ತದ ನೋಡು." ಮೊಳೆಯನ್ನು ಡ್ರಿಲ್ಲಿಗೆ ಸಿಗಿಸಿ ತಿರುಗಿಸುತ್ತ ಪಾಲಿಶ್ ಕಾಗದದಿಂದ ಉಜ್ಜಿದ, ಕನ್ನಡಿ ಹಾಗೆ ಹೊಳೆಯುವವರೆಗೆ. ಕಾರಿನ ಹಿಂಭಾಗದಲ್ಲಿ ಅಡಿಯಿಂದ ತೂತು ಕೊರೆದು, ಸುಟ್ಟ ಮೋಟರಿನಿಂದ ತೆಗೆದ ತಾಮ್ರದ ತಂತಿಯನ್ನು ಉಂಡೆ ಮಾಡಿ ತುಂಬಿದ. ತೂಕ ಹಿಂದೆ ಇದ್ದಷ್ಟೂ ಇಳಿಜಾರಿನಲ್ಲಿ ಹೆಚ್ಚು ಹೊತ್ತು ತಳ್ಳುತ್ತದಂತೆ. ಪಕ್ಕದ ಬಂಗಾರದ ಅಂಗಡಿಯ ತಕ್ಕಡಿಯಲ್ಲಿ ತೂಗಿ ನೋಡಿದೆವು. ಎರಡು ಗ್ರಾಂ ಹೆಚ್ಚಿತ್ತು. ಒಂದು ಎಳೆ ತಂತಿ ಕತ್ತರಿಸಿದ.

"ಈಗ ಗಾಲಿಗಿ ಏನ್ ಹಚ್ಚದು ಮಾಮಾ?"

"ಒಣಾ ಪುಡಿ ಬೇಕು. ಎಣ್ಣಿ ಅಲ್ಲ."

ಮಗಳು ಗೋಡೆಯ ಗೂಡಿನ ಕಡೆ ನೋಡಿದಳು. ಅಲ್ಲಿ ವಿಭೂತಿ ಗಟ್ಟಿ ಇತ್ತು. "ವಿಭೂತಿ?"

ಅಣ್ಣ ನಕ್ಕ. "ಅದು ನನ್ನ ಹಣಿಗಿ. ನಿನ್ನ ಪೆನ್ಸಿಲ್ ತೆಗಿ."

ಪೆನ್ಸಿಲಿನ ಸೀಸವನ್ನು ಬ್ಲೇಡಿನಿಂದ ಹೆರೆದು ಪುಡಿ ಮಾಡುವ ಕೆಲಸ ನನ್ನದೂ ಮಗಳದೂ. ಆ ಪುಡಿಯನ್ನು ಬೆರಳ ತುದಿಯಲ್ಲಿ ತೆಗೆದುಕೊಂಡು ಗಾಲಿಯ ತೂತಿನಲ್ಲಿ ಹಚ್ಚಿ ಹಚ್ಚಿ ತಿರುಗಿಸಬೇಕು. ಅರ್ಧ ತಾಸಿನಲ್ಲಿ ಇಬ್ಬರ ಬೆರಳೂ ಕಪ್ಪಾದವು. ಮಗಳು ತನ್ನ ತೋರುಬೆರಳನ್ನು ಎತ್ತಿ ನನ್ನ ಮುಖದ ಮುಂದೆ ಹಿಡಿದಳು, ನೋಡು ಎಂದು.

ಇಲ್ಲೇ ನನ್ನ ಲೆಕ್ಕ ಕೆಟ್ಟಿದ್ದು. ಅದುವರೆಗೆ ನನ್ನ ಹತ್ತಿರ ಒಂದು ಚಿತ್ರ ಇತ್ತು: ಏಳು ವರ್ಷದ ಹುಡುಗಿಯ ಕಪ್ಪು ಬೆರಳು. ಆ ದಿನದಿಂದ ಈಚೆಗೆ ಅದನ್ನು ನೆನೆಯಲು ಹೋದರೆ ಕಾಣುವುದು ಮಗಳ ಬೆರಳು, ಸೀಸದ ಬೂದು ಹೊಳಪಿನ ಕಪ್ಪು. ಮಸಿಯ ಕಪ್ಪು ಹೇಗಿತ್ತು? ಉಗುರಿನ ಸಂದಿಯಲ್ಲಿ ಇತ್ತೇ? ಗೊತ್ತಿಲ್ಲ. ಹಳೆಯದನ್ನು ಹೊಸದು ಒರೆಸಿಹಾಕಿತು. ಅಥವಾ ಹಳೆಯದು ಎನ್ನುವುದು ಇರಲೇ ಇಲ್ಲ, ಅವ್ವ ಹೇಳಿದ ಕತೆಗೆ ನಾನೇ ಬೆರಳು ಜೋಡಿಸಿಕೊಂಡಿದ್ದೆ. ಮಗಳು ಕೈ ತೊಳೆಯಲು ಹೋದಳು. ನಾನು ತೊಳೆಯದೆ ಹಾಗೇ ಕುಳಿತಿದ್ದೆ.

ಅಣ್ಣ ಗಾಲಿಗಳನ್ನು ಮತ್ತೆ ಕೂಡಿಸಿದ. ಮುಂದಿನ ಎಡಗಾಲಿಯನ್ನು ಮಾತ್ರ ಒಂದು ಕೂದಲೆಳೆ ಮೇಲೆ ಕೂಡಿಸಿದ. ಕಾರನ್ನು ಗಾಜಿನ ಮೇಲೆ ಇಟ್ಟರೆ ಆ ಗಾಲಿ ನೆಲ ಮುಟ್ಟುತ್ತಿರಲಿಲ್ಲ.

"ಮಾಮಾ, ಒಂದ ಗಾಲಿ ಗಿಡ್ಡ ಆಗ್ಯದ."

"ಇರಲಿ ಬಿಡು. ನಾಲ್ಕ ಗಾಲಿ ತಿಕ್ಕದಕ್ಕಿಂತ ಮೂರೇ ತಿಕ್ಕಿದ್ರ ಹಗುರ ಓಡ್ತದ."

ಮಗಳು ಸ್ವಲ್ಪ ಯೋಚಿಸಿದಳು. "ಹಂಗಾದ್ರ ನೀ ಯಾಕ ಸಾವಕಾಶ ನಡೀತಿ?"

ಅಣ್ಣ ಗಾಲಿಯಿಂದ ಕಣ್ಣು ತೆಗೆಯಲಿಲ್ಲ. "ನಾ ಇಳಿಜಾರದಾಗ ನಡಿಯಂಗಿಲ್ಲ ಯವ್ವಾ. ಅದಕ್ಕ." ಮಗಳಿಗೆ ಉತ್ತರ ಸಾಕಾಯಿತು.

ಮರುದಿನ ಅಫಜಲಪುರದ ಓಟ. ಮೊದಲ ಸುತ್ತಿನಲ್ಲಿ ಕಾರು ಎಡಕ್ಕೆ ವಾಲಿ ಇಳಿಜಾರಿನ ಅಂಚಿನ ಪಟ್ಟಿಗೆ ತಾಗುತ್ತ ಬಂತು. ಸುತ್ತಿನ ನಡುವೆ ಅಣ್ಣ ಶಾಲೆಯ ಬೇವಿನ ಕಟ್ಟೆಯ ಮೇಲೆ ಕುಳಿತು, ಇಕ್ಕಳದಿಂದ ಒಂದು ಮೊಳೆಯನ್ನು ಜರಾ ತಿರುವಿದ. ಎಷ್ಟು ತಿರುವಿದನೋ ನನ್ನ ಕಣ್ಣಿಗೆ ಕಾಣಲೂ ಇಲ್ಲ. ಎರಡನೆಯ ಸುತ್ತಿನಲ್ಲಿ ಕಾರು ಸರಕ್ಕನೆ ನೆಟ್ಟಗೆ ಬಂದು ಎಲ್ಲರಿಗಿಂತ ಮೊದಲು ಗೆರೆ ದಾಟಿತು. ಒಟ್ಟಿನಲ್ಲಿ ಮೂರನೆಯದಾಗಿ ಜೇವರ್ಗಿಗೆ ಹೋಗಲು ಆಯ್ಕೆಯಾಯಿತು. ಮಗಳು ಕುಣಿದಳು. ಕಾರು ಇಳಿಯುವ ಆ ಸದ್ದು, ಪ್ಲೈವುಡ್ಡಿನ ಮೇಲೆ ನಾಲ್ಕು ಗಾಲಿಯ ಸಣ್ಣ ಗುಡುಗು, ನನಗೆ ಎರಡು ದಿನ ಕಿವಿಯಲ್ಲಿ ಉಳಿಯಿತು. ನಾಲ್ಕಲ್ಲ, ಮೂರು ಗಾಲಿಯದು. ಅನ್ನ ಬಸಿಯುವಾಗ ಕೇಳುತ್ತಿತ್ತು. ತರಕಾರಿಯವರ ತಳ್ಳುಗಾಡಿ ಓಣಿಯ ಇಳಿಜಾರಿಗೆ ಬಂದರೆ ನಾನು ಬಾಗಿಲಿಗೆ ಓಡಿಹೋಗಿ ಅದು ನಿಲ್ಲುವವರೆಗೆ ನೋಡುತ್ತಿದ್ದೆ. "ಏನ್ ಬೇಕ್ರಿ ಅಕ್ಕೋರೆ?" ಎಂದು ಅವರು ಕೇಳಿದರೆ ಏನೂ ಬೇಡದಿದ್ದರೂ ಕೊತ್ತಂಬರಿ ತೆಗೆದುಕೊಳ್ಳುತ್ತಿದ್ದೆ.

ಆ ವಾರಗಳಲ್ಲಿ ನನ್ನ ಹಳೆಯ ದಿನಚರಿಗಳನ್ನು ತೆಗೆದು ನೋಡಿದೆ. ನಾನು ಬರೆಯಲು ಶುರುಮಾಡಿದ್ದು ಹೈಸ್ಕೂಲಿನಲ್ಲಿ, ಅಣ್ಣ ಬಿದ್ದು ಏಳು ವರ್ಷ ಆದಮೇಲೆ. ಒಂದು ಕಡೆ ಹೀಗಿದೆ: "ಇವತ್ತು ಅಣ್ಣನ ಎಡಗಾಲಿನ ಚಪ್ಪಲಿಗೆ ಮತ್ತೆ ದಪ್ಪ ಅಟ್ಟೆ ಹಚ್ಚಿಸಿದರು. ನನಗೆ ಊಟ ಸೇರಲಿಲ್ಲ." ಊಟ ಯಾಕೆ ಸೇರಲಿಲ್ಲ ಎಂದು ಬರೆದಿಲ್ಲ. ತಪ್ಪು ಮಾಡಿದವಳಿಗೂ ಸೇರುವುದಿಲ್ಲ, ಅಣ್ಣನನ್ನು ಪ್ರೀತಿಸುವವಳಿಗೂ ಸೇರುವುದಿಲ್ಲ. ಬೇರೆ ಯಾರದೋ ದಿನಚರಿಯಾಗಿದ್ದರೆ, ಇದು ಸಾಕ್ಷಿ ಆಗುವುದಿಲ್ಲ ಎಂದು ಅಂಚಿನಲ್ಲಿ ಗೀಚುತ್ತಿದ್ದೆ.

ಜೇವರ್ಗಿಯ ಫಲಿತಾಂಶ ಮೊದಲೇ ಹೇಳಿಬಿಡುತ್ತೇನೆ, ಅದರಲ್ಲಿ ಕುತೂಹಲಕ್ಕೇನೂ ಇಲ್ಲ. ನಮ್ಮ ಕಾರು ನಾಲ್ಕನೆಯದು. ಮಗಳಿಗೆ ಒಂದು ಜ್ಯಾಮಿಟ್ರಿ ಬಾಕ್ಸ್ ಕೊಟ್ಟರು. ಮೊದಲ ಮೂವರಲ್ಲಿ ಬಾರದ್ದಕ್ಕೆ ಸ್ವಲ್ಪ ಮುಖ ಊದಿಸಿದಳು, ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ತಿನ್ನುವ ಹೊತ್ತಿಗೆ ಮರೆತಳು. ಅವಳ ಮಟ್ಟಿಗೆ ಕತೆ ಅಲ್ಲಿಗೆ ಮುಗಿಯಿತು.

ಅಣ್ಣ ಅಫಜಲಪುರದಿಂದ ಬೇರೆ ಬಸ್ಸಿನಲ್ಲಿ ಬಂದಿದ್ದ, ಇಕ್ಕಳ, ಪಾಲಿಶ್ ಕಾಗದ, ಪೆನ್ಸಿಲ್ ಪುಡಿಯ ಡಬ್ಬಿ ಎಲ್ಲ ಚೀಲದಲ್ಲಿ ಹಾಕಿಕೊಂಡು. ಅಂಗಡಿ ಮುಚ್ಚಿ ಬಂದಿದ್ದ. ಓಟ ನಡೆಯುವ ಶಾಲೆಯ ಹಾಲಿನೊಳಗೆ ಬಂದವನು ಕಾರಿನ ಕಡೆ ಬರಲಿಲ್ಲ, ನಮ್ಮನ್ನು ಮಾತಾಡಿಸಲೂ ಇಲ್ಲ. ನೇರ ಇಳಿಜಾರಿನ ಕೆಳತುದಿಗೆ ನಡೆದ. ಅಲ್ಲಿ ಗೆರೆಯ ಆಚೆ, ಓಡಿಬಂದ ಕಾರುಗಳು ಗೋಡೆಗೆ ಬಡಿಯದಿರಲಿ ಎಂದು ಹಳೆ ಬಟ್ಟೆ ಹೊಲಿದ ಒಂದು ಕೌದಿಯನ್ನು ಮಡಚಿ ಇಟ್ಟಿದ್ದರು. ಅಣ್ಣ ಗಿಡ್ಡ ಕಾಲು ಚಾಚಿ, ಗೋಡೆ ಹಿಡಿದು ಬಗ್ಗಿ, ಕೌದಿಯನ್ನು ಅಂಗೈಯಿಂದ ಒತ್ತಿ ನೋಡಿದ. ಅಲ್ಲಿ ನಿಂತಿದ್ದ ಮೇಡಂ ಕಡೆ ತಿರುಗಿ ಕೇಳಿದ.

"ಇದು ತೆಳು ಆಯ್ತಲ್ರಿ. ಇನ್ನೊಂದ ಮಡಿಕಿ ಹಾಕಲೇನ್ರಿ?"

"ಕಟ್ಟಿಗೆ ಕಾರಲ್ರಿ, ಏನಾಗ್ತದ?"

"ಆದ್ರೂ ಹಾಕ್ತೇನ್ರಿ."

ಕೌದಿಯನ್ನು ತಾನೇ ಎರಡು ಮಡಿಕೆ ಹೆಚ್ಚಿಗೆ ಮಾಡಿ ಗೋಡೆಗೆ ಆನಿಸಿ ಇಟ್ಟ. ಆಮೇಲೆ ಪ್ರತಿ ಸುತ್ತಿನಲ್ಲೂ ನಾನು ಅವನನ್ನೇ ನೋಡಿದೆ. ಮಕ್ಕಳು, ತಂದೆತಾಯಿಗಳು, ಎಲ್ಲರ ಕಣ್ಣು ಕಾರಿನ ಜೊತೆ ಮೇಲಿನಿಂದ ಕೆಳಗೆ ಇಳಿಯುತ್ತಿತ್ತು. ಅವನ ಕಣ್ಣು ಮೊದಲಿನಿಂದಲೂ ಕೌದಿಯ ಮೇಲೆ. ಕಾರು ಬಂದು ಅದರಲ್ಲಿ ಹೂತುಕೊಂಡಾಗ ಮಾತ್ರ ಅವನ ಭುಜ ಇಳಿಯುತ್ತಿತ್ತು. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ ಎಂದುಕೊಂಡಿದ್ದೇನೆ. ಆ ದಿನವೇ ಬರೆದಿಟ್ಟಿದ್ದೇನೆ.

ಕೊನೆಯ ಸುತ್ತಿಗೆ ಮೊದಲು ಕಾಲು ತಾಸು ಬಿಡುವು. ಮಗಳು ಕಾರನ್ನು ತಂದು ಅಣ್ಣನ ಮಡಿಲಲ್ಲಿ ಇಟ್ಟಳು. "ಮಾಮಾ, ಇನ್ನೊಂದ ಜರಾ ಜೋರ ಮಾಡು." ನೀರು ಕುಡಿಯಲು ಗೆಳತಿಯರ ಜೊತೆ ಓಡಿದಳು. ವರಾಂಡದ ಮೆಟ್ಟಿಲ ಮೇಲೆ ನಾವಿಬ್ಬರೇ ಉಳಿದೆವು. ಅಣ್ಣ ಗಾಲಿಗೆ ಪುಡಿ ಹಚ್ಚಲು ಶುರು ಮಾಡಿದ. ಅವನ ತೋರುಬೆರಳಿನ ತುದಿ ಕಪ್ಪಾಯಿತು. ಅವನ ಬೆರಳು ಎಷ್ಟು ಅಗಲ ಎಂದು ಆಗ ನೋಡಿದೆ. ಬೇರಿಂಗಿನ ಸಂದಿಯಲ್ಲಿ ಎಣ್ಣೆ ಹಚ್ಚಬೇಕಾದರೆ ಹನ್ನೊಂದು ವರ್ಷದವನ ಬೆರಳು ಹಿಡಿಸುತ್ತಿತ್ತೇ? ಏಳು ವರ್ಷದವಳದು ಹಿಡಿಸುತ್ತಿತ್ತು. ನೀ ಹಚ್ಚು ಬೇ, ನಿನ್ನ ಬಳ್ಳು ಸಣ್ಣ ಅದ ಎಂದು ಅವನೇ ಹೇಳಿದ್ದನೇ? ಆ ಮಾತು ನನಗೆ ಕೇಳಿಸಿತು, ಅವನ ಎಳೆಯ ದನಿಯಲ್ಲಿ, ಸ್ಪಷ್ಟವಾಗಿ. ಅಷ್ಟು ಸ್ಪಷ್ಟವಾಗಿ ಕೇಳಿಸಿದ್ದಕ್ಕೇ ಅದನ್ನು ನಂಬಲು ಹೆದರಿಕೆಯಾಯಿತು.

ಕೇಳಿಬಿಟ್ಟೆ. ಮೂವತ್ತು ವರ್ಷ ಹಿಡಿದಿಟ್ಟುಕೊಂಡದ್ದು ಯಾವ ತಯಾರಿಯೂ ಇಲ್ಲದೆ ಬಾಯಿಗೆ ಬಂತು. ಅಣ್ಣ ಗಾಲಿಗೆ ಉಗುರಿನಿಂದ ಹೊಡೆದು ಕಿವಿಗೆ ಹಿಡಿದ. ಗಾಲಿ ತಿರುಗಿತು, ತಿರುಗುತ್ತಲೇ ಇತ್ತು, ಸದ್ದೇ ಇಲ್ಲದೆ. ಅದು ನಿಲ್ಲುವುದನ್ನು ನಾನು ಕಾದೆ. ನಿಲ್ಲುವ ಮೊದಲೇ ಒಳಗೆ ನಮ್ಮ ನಂಬರು ಕೂಗಿದರು, ಮಗಳು ಓಡಿಬಂದು ಕಾರನ್ನು ಕಸಿದುಕೊಂಡು ಹೋದಳು. ಅಣ್ಣ ಎದ್ದು ಕೌದಿಯ ಕಡೆ ನಡೆದ.

ಆಮೇಲೆ ಅವನು ಎಷ್ಟೋ ಸಲ ಫೋನು ಮಾಡಿದ್ದಾನೆ. ಮಗಳ ಪರೀಕ್ಷೆ ಕೇಳುತ್ತಾನೆ. ಕಾರಿನ ಗಾಲಿಯನ್ನು ಆಗಾಗ ತಿರುಗಿಸುತ್ತಿರಿ, ಇಲ್ಲವಾದರೆ ಹಿಡಿದುಕೊಳ್ಳುತ್ತವೆ ಎನ್ನುತ್ತಾನೆ. ಆ ಮಾತು ಎತ್ತುವುದಿಲ್ಲ. ನಾನೂ ಎರಡನೆಯ ಸಲ ಕೇಳಿಲ್ಲ. ಮುಂದೆ ನನ್ನ ನೆನಪು ಇದನ್ನೂ ಬದಲಿಸೀತು ಎಂಬ ಅಂಜಿಕೆಯಿಂದ, ಜೇವರ್ಗಿಯಿಂದ ಬರುವ ಬಸ್ಸಿನಲ್ಲೇ, ಮಗಳ ಹೊಸ ಬಾಕ್ಸಿನ ಪೆನ್ಸಿಲಿನಲ್ಲಿ, ನಾನು ಅವನನ್ನು ಕೇಳಿದ ಮಾತನ್ನು ಕೇಳಿದ ಹಾಗೆಯೇ ಬರೆದುಕೊಂಡೆ:

"ಅಣ್ಣಾ, ಅವತ್ತ ನಿನ್ನ ಗಾಡಿಗಿ ಎಣ್ಣಿ ಹಚ್ಚಿದಾಕಿ ನಾನೇನು?"